ಕತ್ತಿ ಮುಟ್ಟದ ನಾಲ್ಕು ತಿಂಗಳು

ನನ್ನ ಗಂಡನಿಗೆ ಹಳೇ ಕ್ಷೌರದ ಕತ್ತಿಗಳ ಹುಚ್ಚು. ಬ್ಲೇಡು ಹಾಕುವ ರೇಜರ್ ಅಲ್ಲ, ಹಿಂದಿನ ಕಾಲದವರು ಬಳಸುತ್ತಿದ್ದ, ಹಿಡಿಯೊಳಗೆ ಮಡಚಿಡುವ ಉದ್ದನೆಯ ಕತ್ತಿ. ಪೀಣ್ಯದ ಒಂದು ಶೆಡ್ಡಿನಲ್ಲಿ ಅವರು ಟೂಲ್ ಗ್ರೈಂಡರ್ ಆಗಿದ್ದರು. ದಿನವಿಡೀ ಡ್ರಿಲ್ಲು, ಕಟ್ಟರುಗಳಿಗೆ ಸಾಣೆ ಹಿಡಿದು ಬಂದ ಮನುಷ್ಯ ಮನೆಗೆ ಬಂದ ಮೇಲಾದರೂ ಸುಮ್ಮನೆ ಟೀವಿ ನೋಡಿಕೊಂಡು ಕೂರಬಾರದೇ? ಊಹೂಂ. ಭಾನುವಾರ ಬಂತೆಂದರೆ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿ, ತುಕ್ಕು ಹಿಡಿದ ಯಾವುದಾದರೂ ಕತ್ತಿಯನ್ನು ಪೇಪರಿನಲ್ಲಿ ಸುತ್ತಿಕೊಂಡು ಬರುತ್ತಿದ್ದರು. "ಯಾವನ ಗಡ್ಡ ಕೆರೆದಿದ್ದೋ ಏನೋ, ಒಳಗ್ ತರಬೇಡ್ರೀ ಅದನ್ನ" ಎಂದು ನಾನು ಬಾಗಿಲಲ್ಲೇ ತಡೆಯುತ್ತಿದ್ದೆ. ನನ್ನ ಬಾಯಿ ಮೊದಲಿನಿಂದಲೂ ಜೋರು. ಅವರು ನಗುತ್ತಾ ನನ್ನ ಪಕ್ಕದಿಂದ ನುಸುಳಿ ಒಳಗೆ ಹೋಗುತ್ತಿದ್ದರು.

ಅವರು ಗದಗದ ಕಡೆಯವರು. ನಮ್ಮದು ಮಾದನಾಯಕನಹಳ್ಳಿಯೇ. ನಮ್ಮಪ್ಪ ಹೊಲದ ಅಂಚಿಗೆ ಸಾಲು ರೂಮು ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದಾಗ ಮೂರನೇ ರೂಮಿಗೆ ಬಂದವರು. ಆಮೇಲಿನ ಕಥೆ ಊರಿಗೆಲ್ಲ ಗೊತ್ತು. ಮನೆಯಲ್ಲಿ ಒಂದು ವರ್ಷ ರಂಪ ಮಾಡಿ ಅವರನ್ನೇ ಕಟ್ಟಿಕೊಂಡೆ.

ಮದುವೆಯಾದ ಮೇಲೆ ಬೇಡವೆಂದರೂ ಕತ್ತಿಯ ವಿದ್ಯೆ ನನಗೂ ಅಂಟಿತು. ತಂದ ಕತ್ತಿಯನ್ನು ಮೊದಲು ಸೀಮೆಎಣ್ಣೆಯಲ್ಲಿ ನೆನೆಸಿ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜುವುದು. ಹಿಡಿಗೆ ಸೇರುವ ಜಾಗದಲ್ಲಿ ಮುದ್ರೆಯ ಅಕ್ಷರ ಮೂಡುತ್ತದೆ. ಜರ್ಮನಿಯದೋ ಇಂಗ್ಲೆಂಡಿನದೋ ಅದರಲ್ಲಿ ಗೊತ್ತಾಗುತ್ತದೆ. ಅಕ್ಷರ ಅಳಿಸಿಹೋಗಿದ್ದರೆ ಉಗುರಿನಿಂದ ಅಲಗನ್ನು ಮೀಟಿ ಕಿವಿಯ ಹತ್ತಿರ ಹಿಡಿಯುತ್ತಿದ್ದರು. ತೆಳ್ಳಗಿನ ಒಳ್ಳೆಯ ಉಕ್ಕಾದರೆ ಸಣ್ಣಗೆ ಉಲಿಯುತ್ತದೆ. "ಕೇಳು, ಕೇಳು, ಹಾಡಾಕತ್ತೈತಿ" ಎಂದು ನನ್ನ ಕಿವಿಗೂ ತರುತ್ತಿದ್ದರು. ನನಗೆ ಒಲೆಯ ಮೇಲೆ ಸಾರು ಕುದಿಯುವುದು ಬಿಟ್ಟರೆ ಇನ್ನೇನೂ ಕೇಳುತ್ತಿರಲಿಲ್ಲ, ಆದರೂ ಹೂಂಗುಟ್ಟುತ್ತಿದ್ದೆ.

ಸಾಣೆ ಹಿಡಿಯುವುದನ್ನು ಮಾತ್ರ ಎಂದೂ ಮಿಷಿನ್ನಿನಲ್ಲಿ ಮಾಡುತ್ತಿರಲಿಲ್ಲ. ಒಮ್ಮೆ ನಾನೇ ಕೇಳಿದ್ದೆ, ಶೆಡ್ಡಿಗೆ ತಗೊಂಡು ಹೋದರೆ ಎರಡು ನಿಮಿಷದ ಕೆಲಸವಲ್ಲವಾ ಎಂದು. "ಮಿಷಿನ್ ಕಲ್ಲಿಗೆ ಹಿಡದ್ರ ಕಾಯ್ತೈತಿ. ನೀಲಿ ಬಣ್ಣ ಬಂತಂದ್ರ ಆ ಕತ್ತಿ ಮುಗೀತು, ಮತ್ತ ಮೊನಿ ನಿಲ್ಲಂಗಿಲ್ಲ" ಎಂದರು. ಬಚ್ಚಲ ಪಕ್ಕದ ಕಟ್ಟೆಯ ಮೇಲೆ ಚಪ್ಪಟೆ ಸಾಣೆಕಲ್ಲಿಟ್ಟು, ನೀರು ಚಿಮುಕಿಸಿ, ಕತ್ತಿಯ ಬೆನ್ನು ಮತ್ತು ಬಾಯಿ ಎರಡೂ ಕಲ್ಲಿಗೆ ತಾಗುವಂತೆ ಮಲಗಿಸಿ ನಿಧಾನಕ್ಕೆ ಎಳೆಯುತ್ತಿದ್ದರು. ಆಮೇಲೆ ಚರ್ಮದ ಬೆಲ್ಟಿನ ಮೇಲೆ ಬೆನ್ನು ಮುಂದಾಗಿ ತೀಡುವುದು. ಕೊನೆಗೆ ಮುಂಗೈ ಕೂದಲಿನ ಮೇಲೆ ಪರೀಕ್ಷೆ. ಅದರಿಂದಾಗಿ ಅವರ ಎಡ ಮುಂಗೈ ವರ್ಷಪೂರ್ತಿ ಬೋಳಾಗಿಯೇ ಇರುತ್ತಿತ್ತು. ದಿನಾ ಬೆಳಿಗ್ಗೆ ಶಿಫ್ಟಿಗೆ ಹೊರಡುವ ಮುಂಚೆ ಆ ಕಟ್ಟೆಯ ಎದುರು ಕನ್ನಡಿ ನೇತುಹಾಕಿ ಗಡ್ಡ ಹೆರೆದುಕೊಳ್ಳುತ್ತಿದ್ದರು. ಜ್ವರ ಬಂದರೂ ತಪ್ಪಿಸಿದವರಲ್ಲ.

ಮದುವೆಯಾಗಿ ಏಳು ವರ್ಷ ನಮಗೆ ಮಕ್ಕಳಿರಲಿಲ್ಲ. ಬಸಿರು ನಿಂತದ್ದು ಎರಡು ಸಲ, ಎರಡೂ ಕಳೆದುಹೋದವು. ಒಂದು ಸಲವಂತೂ ನಾನು ಹೊಲಿಗೆ ಕೆಲಸಕ್ಕೆ ಹೋಗುತ್ತಿದ್ದ ಗಾರ್ಮೆಂಟ್ಸಿನಲ್ಲಿ ಮಿಷಿನ್ ಮುಂದೆ ಕೂತಿದ್ದಾಗಲೇ. ಆ ಸಂಕಟ ಈಗಲೂ ಬರೆಯಲಾರೆ. ತುಮಕೂರು ರಸ್ತೆಯಲ್ಲಿ ಮೇಲ್ಸೇತುವೆ ಏಳುತ್ತಿದ್ದ ಕಾಲಕ್ಕೆ ಮೂರನೇ ಸಲ ನಿಂತಿತು. ಆ ಧೂಳಿನಲ್ಲಿ, ಆ ಗುಂಡಿಗಳ ಮೇಲೆ ಆಟೋದಲ್ಲಿ ಕೂರುವುದು ಬೇಡವೆಂದು ಅವರೇ ನನ್ನ ಕೆಲಸ ಬಿಡಿಸಿದರು.

ಐದು ತಿಂಗಳು ತುಂಬಿದ ದಿನ ನಮ್ಮಮ್ಮ ಬಂದು ಹೇಳಿದಳು. "ಇನ್ಮ್ಯಾಕೆ ಅಳಿಯಂದ್ರು ಕತ್ತಿ ಮುಟ್ಟಬಾರ್ದು ಕಣವ್ವ. ಬಸುರಿ ಗಂಡ ಕೂದ್ಲು ಗಡ್ಡ ತೆಗಿಯಂಗಿಲ್ಲ. ಎರಡು ಸಲ ಅಂಗೆ ಆಯ್ತಲ್ಲ, ಇವರು ದಿನಾ ಗರಗರ ಅಂತ ಹೆರಕೊಂಡಿದ್ದಕ್ಕೇ ಆಗಿರಬೌದು."

ನಾನು ಹತ್ತನೇ ಕ್ಲಾಸು ಓದಿದವಳು, ಇಂಥದ್ದನ್ನೆಲ್ಲ ನಂಬುತ್ತೇನೆ ಎಂದು ಅಲ್ಲಿಯವರೆಗೆ ನನಗೇ ಗೊತ್ತಿರಲಿಲ್ಲ. ಎರಡು ಸಲ ಸುಟ್ಟುಕೊಂಡವಳಿಗೆ ಯಾರು ಏನು ಹೇಳಿದರೂ ನಿಜವೆನ್ನಿಸುತ್ತದೆ. ಅವತ್ತೇ ಸಾಣೆಕಲ್ಲು, ಬೆಲ್ಟು, ಎಲ್ಲಾ ಕತ್ತಿಗಳನ್ನು ಒಂದು ಚೀಲಕ್ಕೆ ತುಂಬಿ ಅಟ್ಟದ ಮೇಲೆ ಹಾಕಿಸಿದೆ. "ನಮ್ಮ ಕಡೆ ಇಷ್ಟೆಲ್ಲ ಇಲ್ಲ ಬಿಡು" ಎಂದು ಅವರು ತಲೆ ಕೆರೆದುಕೊಂಡರು. "ನಿಮ್ಮ ಕಡೆ ಇಲ್ದೇ ಇರಬೋದು, ಮಗು ಇರೋದು ನಮ್ಮ ಕಡೆ" ಎಂದೆ.

ಹತ್ತು ಹನ್ನೆರಡು ದಿನ ಕಳೆದಿರಬೇಕು. ಒಂದು ಬೆಳಿಗ್ಗೆ ನಾನು ಅವರೆಕಾಯಿ ಬಿಡಿಸುತ್ತಾ ಕೂತಿದ್ದೆ. ಕನ್ನಡಿಯ ಮುಂದೆ ನಿಂತಿದ್ದವರು ಎಡಗಿವಿಯ ಕೆಳಗೆ ಬೆರಳಾಡಿಸುತ್ತಾ ನನ್ನ ಹತ್ತಿರ ಬಂದರು.

"ಇಲ್ಲಿ ಏನೋ ಸಣ್ಣದೊಂದು ಕೈಗೆ ಹತ್ತತೈತಿ ನೋಡು. ಗಡ್ಡ ಬಿಡೋಕಿಂತ ಮೊದಲ ಹೆರಕೊಳ್ಳುವಾಗನೂ ಕತ್ತಿ ಒಂದೆರಡು ಸಲ ತಡದಿತ್ತು. ಗಡ್ಡದಾಗ ಕಾಣವಲ್ದು. ಈ ಒಂದ್ ಸಲ ಬೋಳಿಸಿ ನೋಡ್ಕೋತೀನಿ, ಆಮ್ಯಾಲ ಬಿಟ್ಟೇಬಿಡ್ತೀನಿ."

ನಾನು ತಲೆ ಎತ್ತಿಯೂ ನೋಡಲಿಲ್ಲ. ಕತ್ತಿ ಹಿಡಿಯಲು ಕೈ ಕಡಿಯುತ್ತಿದೆ, ಅದಕ್ಕೊಂದು ನೆವ ಹುಡುಕುತ್ತಿದ್ದಾರೆ ಎಂದುಕೊಂಡೆ. "ಗಡ್ಡ ಬಿಟ್ಟು ಅಭ್ಯಾಸ ಇಲ್ಲ, ಗುಳ್ಳೆ ಎದ್ದಿರತ್ತೆ. ನಾಟಕ ಸಾಕು" ಎಂದೆ. ಅವರು ಇನ್ನೊಂದು ಸಲ ಕೇಳಿದರು. ನನಗೆ ಸಿಟ್ಟು ನೆತ್ತಿಗೇರಿತು. ಅವರ ಕೈ ಎಳೆದು ನನ್ನ ಹೊಟ್ಟೆಯ ಮೇಲಿಟ್ಟುಕೊಂಡು, "ಮಗೂನ ಮುಟ್ಟಿ ಆಣೆ ಮಾಡಿ, ಹೆರಿಗೆ ಆಗೋವರೆಗೂ ಕತ್ತಿ ಮುಟ್ಟಲ್ಲ ಅಂತ" ಎಂದೆ. ಆಗಲೇ ಮಗು ಒದೆಯಿತು. ಅವರ ಮುಖ ಅರಳಿದ ಬಗೆಯನ್ನು ಹೇಗೆ ಹೇಳಲಿ? "ಆಣಿ, ಆಣಿ, ನಮ್ಮವ್ವನಾಣಿ" ಎಂದು ಕಣ್ಣೊರೆಸಿಕೊಂಡರು. ಆಮೇಲೆ ಒಂದು ದಿನವೂ ಆ ಮಾತೆತ್ತಲಿಲ್ಲ.

ಗಡ್ಡ ದಟ್ಟವಾಗಿ ಕತ್ತು ಮುಚ್ಚುವಷ್ಟು ಬಂತು. ಶೆಡ್ಡಿನಲ್ಲಿ ಎಲ್ಲರೂ "ಏನ್ ಗುರು, ಸ್ವಾಮಿ ಆಗ್ಬಿಟ್ಟೆ" ಎಂದು ರೇಗಿಸುತ್ತಾರೆ ಎಂದು ಬಂದು ಹೇಳಿ ನಗುತ್ತಿದ್ದರು. ಬಸುರಿಯ ಗಂಡನ ಗಡ್ಡವನ್ನು ನಮ್ಮೂರಿನಲ್ಲಿ ಯಾರೂ ಯಾಕೆಂದು ಕೇಳುವುದಿಲ್ಲ. ಅದರೊಳಗೆ ಕೈ ಹಾಕಿ ನೋಡುವವರೂ ಇಲ್ಲ. ಕೊನೆಕೊನೆಗೆ ಅವರು ಎಡಗಡೆ ಮಗ್ಗುಲಾಗಿ ಮಲಗುವುದನ್ನು ಬಿಟ್ಟಿದ್ದರು. ನಾನು ನನ್ನ ಹೊಟ್ಟೆಯ ಭಾರದಲ್ಲೇ ಮುಳುಗಿಹೋಗಿದ್ದೆ.

ಹೆಣ್ಣುಮಗು ಹುಟ್ಟಿತು. ಪೂರ್ತಿ ದಿನ ತುಂಬಿದ, ಗಂಟಲು ಕಿತ್ತುಹೋಗುವಂತೆ ಅಳುವ ಗಟ್ಟಿ ಮಗು. ಹನ್ನೊಂದನೇ ದಿನ ನೀರು ಹಾಕಿ ಹೆಸರಿಟ್ಟೆವು. ಮಾರನೇ ಬೆಳಿಗ್ಗೆ ಅಟ್ಟದ ಚೀಲ ಕೆಳಗಿಳಿಯಿತು. ಕತ್ತರಿಯಿಂದ ಗಡ್ಡವನ್ನು ಮೋಟು ಮಾಡಿಕೊಂಡು, ಕತ್ತಿ ತೀಡಿ, ಸೋಪಿನ ನೊರೆ ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತರು. ನಾನು ಮಗುವನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲಲ್ಲಿ ಕೂತು, "ಬೇಗ ಮುಗಿಸ್ರೀ, ನಿಮ್ಮ ಮಗಳಿಗೆ ಅಪ್ಪನ ಮುಖಾನೇ ಗೊತ್ತಿಲ್ಲ" ಎಂದು ಚೇಷ್ಟೆ ಮಾಡುತ್ತಿದ್ದೆ. ಬಲಗೆನ್ನೆ ಮುಗಿಯಿತು. ಎಡಗೆನ್ನೆಗೆ ಬಂದು ಕೈ ನಿಂತುಬಿಟ್ಟಿತು. ತಿರುಗಿದಾಗ ಅರ್ಧ ನೊರೆಯ ನಡುವೆ, ಕಿವಿಯ ಕೆಳಗೆ, ನಿಂಬೆಹಣ್ಣಿನಷ್ಟು ಗಂಟು.

ಅಯ್ಯೋ ದೇವರೇ ಎಂದವಳು ನಾನೇ. ಅವರು, "ಮಗಳು ಹೆದರ್ತಾಳ, ಒದರಬ್ಯಾಡ" ಎಂದರು.

ದೊಡ್ಡಾಸ್ಪತ್ರೆಯಲ್ಲಿ ಪರೀಕ್ಷೆಗಳೆಲ್ಲ ಮುಗಿದು ರಿಪೋರ್ಟು ಬಂದ ದಿನ ಡಾಕ್ಟರು ಕೇಳಿದರು. "ಮೊದಲು ಯಾವಾಗ ಗೊತ್ತಾಯ್ತು ನಿಮಗೆ?" ಅವರು ನನ್ನ ಕಡೆ ಒಮ್ಮೆ ನೋಡಿ, "ಇತ್ತೀಚಿಗೇ ಸರ್, ಹೆಂಡತಿ ಹೆರಿಗಿ ಆದ ಮ್ಯಾಲೆ" ಎಂದರು. ಹತ್ತು ಹದಿನೈದು ದಿನದಲ್ಲಿ ಇಷ್ಟು ಬೆಳೆಯುವುದಿಲ್ಲವಲ್ಲ, ಸಣ್ಣದಿದ್ದಾಗಲೇ ಬಂದಿದ್ದರೆ ತೆಗೆದುಹಾಕುವುದು ಸುಲಭವಿತ್ತು ಎಂದು ಡಾಕ್ಟರು ಗೊಣಗುತ್ತಾ ಬರೆದುಕೊಂಡರು. ಊರಿಗೇ ಕೇಳುವ ಬಾಯಿ ನನ್ನದು, ಅವತ್ತು ಏಳಲಿಲ್ಲ. ಹೊರಗೆ ಕಾರಿಡಾರಿನಲ್ಲಿ ಮಗುವಿಗೆ ಹಾಲು ಕುಡಿಸುತ್ತಾ ಅತ್ತುಬಿಟ್ಟೆ.

ಆಪರೇಷನ್ ಮಾಡಿದರು, ರೇಡಿಯೇಷನ್ನಿನ ಕರೆಂಟು ಕೊಟ್ಟರು. ಕರೆಂಟು ಬಿದ್ದ ಎಡಗೆನ್ನೆಯ ಕೂದಲೆಲ್ಲ ಉದುರಿಹೋಯಿತು. ಮುಖ ಒಂದು ಕಡೆಗೆ ಜೋತುಬಿತ್ತು. ಮಗಳು ಅಂಬೆಗಾಲಿಡುವ ಹೊತ್ತಿಗೆ ರೋಗ ಶ್ವಾಸಕೋಶಕ್ಕೆ ಇಳಿದಿದೆ ಎಂದರು. ಮನೆಗೆ ಕರೆದುಕೊಂಡು ಬಂದೆ.

ಒಂದು ಬೆಳಿಗ್ಗೆ, "ಗಡ್ಡ ಮಾಡಿಕೊಡ್ತಿಯೇನು? ನನ್ನ ಕೈ ನಡಗತೈತಿ" ಎಂದರು. ಕತ್ತಿ ತಂದೆ. ಸಾಣೆ ಹಿಡಿಯುವುದನ್ನು ಅಷ್ಟು ವರ್ಷ ನೋಡಿದ್ದೆನೇ ಹೊರತು ಮಾಡಿರಲಿಲ್ಲ. ಹಾಸಿಗೆಯಲ್ಲಿ ಒರಗಿ ಕೂತು ಅವರು ಹೇಳಿಕೊಟ್ಟರು. ಒತ್ತಬ್ಯಾಡ, ಅದರ ಭಾರಕ್ಕೆ ಅದನ್ನ ಬಿಡು. ಬೆನ್ನು ಎತ್ತಬ್ಯಾಡ. ಅರ್ಧ ಗಂಟೆ ಹಿಡಿಯಿತು. ನನ್ನ ಮುಂಗೈಯ ಮೇಲೆ ಎಳೆದು ನೋಡಿದೆ. ಕೂದಲು ಬಂತು.

ನೊರೆ ಹಚ್ಚಿ, ಕೆನ್ನೆಯ ಚರ್ಮವನ್ನು ಹೆಬ್ಬೆರಳಿನಿಂದ ಬಿಗಿ ಹಿಡಿದು ಬಲಗಡೆ ಹೆರೆದೆ. ಮೂಳೆಯ ಮೇಲೆ ಚರ್ಮ ಮಾತ್ರ ಉಳಿದಿತ್ತು. ಎಡಗಡೆ ಹೆರೆಯಲು ಏನೂ ಇರಲಿಲ್ಲ. ಆ ನುಣುಪಾದ, ಕಪ್ಪಿಟ್ಟ ಕೆನ್ನೆಯನ್ನು ನೋಡುತ್ತಿದ್ದಂತೆ ನನಗೆ ತಡೆಯಲಾಗಲಿಲ್ಲ. ಕತ್ತಿ ಕೆಳಗಿಟ್ಟು ಹೇಳಿಬಿಟ್ಟೆ.

"ಅವತ್ತೇ ಹೇಳಿದ್ರಿ ನೀವು. ಬೋಳಿಸಿ ನೋಡ್ಕೋತೀನಿ ಅಂತ ಎರಡು ಸಲ ಕೇಳಿದ್ರಿ. ನಾನು ಬಿಡ್ಲಿಲ್ಲ. ಕಣ್ಣೆತ್ತಿ ನೋಡ್ಲೂ ಇಲ್ಲ. ನಾನೇ ಕಣ್ರೀ, ನಾನೇ ನಿಮ್ಮನ್ನ ಕೊಂದೆ."

ಅವರು ಮೂಲೆಯಲ್ಲಿ ಆಡುತ್ತಿದ್ದ ಮಗಳನ್ನು ನೋಡುತ್ತಿದ್ದರು. ಮಾತಾಡಲು ಕಷ್ಟವಿತ್ತು, ಒಂದೊಂದೇ ಮಾತು ಬಿಡಿಸಿ ಆಡುತ್ತಿದ್ದರು.

"ಯಾವತ್ತು? ನಾ ಏನೂ ಹೇಳಿದ್ದಿಲ್ಲ."

"ಹೇಳಿದ್ರಿ. ಅವರೆಕಾಯಿ ಬಿಡಿಸ್ತಾ ಇದ್ದೆ ನಾನು."

"ನನಗ ನೆನಪಿಲ್ಲ." ನನ್ನ ಕೈ ಹಿಡಿದುಕೊಂಡರು. ಆ ಕೈಯಲ್ಲಿ ಅಷ್ಟು ಬಲ ಇನ್ನೂ ಎಲ್ಲಿತ್ತೋ. "ನಿನಗೂ ನೆನಪಿಲ್ಲ. ತಿಳೀತಿಲ್ಲೋ? ಮಗಳ ಮುಂದ ಎಂದೂ ಈ ಮಾತು ಬರಬಾರ್ದು. ಅಕಿ ಸಲುವಾಗಿ ಆತು ಅಂತ ಅಕಿಗೆ ಅನ್ನಿಸಬಾರ್ದು. ನಿನಗ ನೆನಪಿಲ್ಲ ಅನ್ನು."

ಅವರು ಆಣೆ ಕೇಳಲಿಲ್ಲ. ಕೇಳಿದ್ದರೆ ನಾನು ಮಾಡುತ್ತಿದ್ದೆನೋ ಇಲ್ಲವೋ. "ನೆನಪಿಲ್ಲ" ಎಂದೆ. ಅವರು ಕೊಟ್ಟ ಮಾತನ್ನು ನಾಲ್ಕು ತಿಂಗಳು ನಡೆಸಿದರು. ನೆನಪಿಲ್ಲ ಎಂದು ನಾನು ಕೊಟ್ಟ ಮಾತನ್ನು ಅವರು ಹೋದ ಮೇಲೆ ಒಂದು ದಿನಕ್ಕೂ ನಡೆಸಲು ಆಗಿಲ್ಲ.