ಫ್ಲಾಸ್ಕಿನಲ್ಲಿ ಇದ್ದದ್ದು ಪಟ್ಟಿಯಲ್ಲಿ ಇರಲಿಲ್ಲ

ಮೂರು ವರ್ಷದ ಹಿಂದಿನ ಮಾತು. ನಾನಾಗ ಆಸ್ಟಿನ್ನಿನ ಒಂದು ಆಸ್ಪತ್ರೆಯಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟ್. ದಾಖಲಾದವರ ಮುಂದೆ ಕುಳಿತು, ಅವರು ಏನೇನು ಔಷಧಿ ತೆಗೆದುಕೊಳ್ಳುತ್ತಾರೆ ಎಂದು ಪಟ್ಟಿ ಮಾಡುವುದು ನನ್ನ ಮುಖ್ಯ ಕೆಲಸ. ಚಿಂತೆ ಮಾಡುವುದನ್ನೇ ಹವ್ಯಾಸ ಮಾಡಿಕೊಂಡವನಿಗೆ ಇದಕ್ಕಿಂತ ಒಪ್ಪುವ ಉದ್ಯೋಗ ಬೇರೆ ಸಿಗಲಾರದು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಲಿಯಾಂಡರ್ ಊರಿನ ನಮ್ಮ ಮನೆಗೆ ವಾಪಸು ಹೋದವನು ನಾನು. ನಮ್ಮದು ಕರೆಂಟ್ ಒಲೆ.

ಒಂದು ಶುಕ್ರವಾರ ಸುನಂದಾ ಎಂಬುವರು ದಾಖಲಾದರು. ಮೂಲ ಧಾರವಾಡ, ವಯಸ್ಸು ಐವತ್ತೆಂಟು, ರೌಂಡ್ ರಾಕ್‌ನಲ್ಲಿ ಡೇಕೇರ್ ನಡೆಸುತ್ತಿದ್ದರು. ಕಣ್ಣು ಪೂರಾ ಹಳದಿ. ಲಿವರ್‌ನ ಜೀವಕೋಶಗಳಿಗೆ ಪೆಟ್ಟಾದಾಗ ರಕ್ತಕ್ಕೆ ಸೋರುವ ಎಎಲ್‌ಟಿ ಎಂಬ ಕಿಣ್ವ ನಲವತ್ತರ ಆಸುಪಾಸಿನಲ್ಲಿ ಇರಬೇಕಾದದ್ದು ಸಾವಿರದ ಇನ್ನೂರು ದಾಟಿತ್ತು. ಹೆಪಟೈಟಿಸ್ ವೈರಸ್‌ಗಳ ಪರೀಕ್ಷೆ ನೆಗೆಟಿವ್. ಮದ್ಯ ಮುಟ್ಟಿದವರಲ್ಲ. ಸ್ಕ್ಯಾನಿನಲ್ಲಿ ಪಿತ್ತಕೋಶದ ಕಲ್ಲೂ ಇಲ್ಲ. ಡಾಕ್ಟರರಿಗೆ ಉಳಿದ ಗುಮಾನಿ ಟಾಕ್ಸಿಕ್ ಲಿವರ್ ಡಿಸೀಸ್, ಅಂದರೆ ಹೊಟ್ಟೆಗೆ ಹೋದ ಯಾವುದೋ ಪದಾರ್ಥ ಲಿವರನ್ನು ಕೆಡಿಸುವುದು. ಆ ಪದಾರ್ಥ ಯಾವುದೆಂದು ಹುಡುಕುವುದು ನನ್ನ ಪಾಲಿಗೆ ಬಂತು.

ಸಮಯ ಹೆಚ್ಚಿರಲಿಲ್ಲ. ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತಿದೆ ಎಂದು ತೋರಿಸುವ ಐಎನ್‌ಆರ್ ದಿನೇ ದಿನೇ ಏರುತ್ತಿತ್ತು. ಸೋಮವಾರವೂ ಏರಿದರೆ ಹ್ಯೂಸ್ಟನ್‌ನ ಲಿವರ್ ಟ್ರಾನ್ಸ್‌ಪ್ಲಾಂಟ್ ಕೇಂದ್ರಕ್ಕೆ ಕಳಿಸುವುದೆಂದು ತೀರ್ಮಾನವಾಗಿತ್ತು.

ಮೂರು ಸಲ ಹೋಗಿ ಕೇಳಿದೆ. ಔಷಧಿ? ಸಪ್ಲಿಮೆಂಟ್? ಹರ್ಬಲ್? ಮೂರು ಸಲವೂ ಅದೇ ಉತ್ತರ.

“ಏನೂ ಇಲ್ಲರೀ ಸರ್ರ. ತಲಿ ಸಿಡದ್ರೂ ನಾ ಗುಳಗಿ ನುಂಗಾಕಿ ಅಲ್ಲ.”

ಪಕ್ಕದಲ್ಲಿದ್ದ ಗಂಡ ಬಸವರಾಜರು ಹೆಮ್ಮೆಯಿಂದ ತಲೆಯಾಡಿಸಿದರು. ನಾನು ‘ಏನೂ ಇಲ್ಲ’ ಎಂದು ಬರೆದುಕೊಂಡು ಬಂದೆ.

ಭಾನುವಾರ ಮಧ್ಯಾಹ್ನ ನಾಲ್ಕನೆಯ ಸಲ ಹೋದಾಗ ನನ್ನ ಮುಖ ನೋಡಿ ರೋಗಿಗೇ ಮರುಕ ಬಂತು. “ಯಾಕ್ರೀ ಇಷ್ಟ ಸೊರಗೀರಿ? ರೀ, ಸರ್‌ಗ ಒಂದ್ ಲೋಟ ಹಾಕಿ ಕೊಡ್ರಿ.” ಬಸವರಾಜರು ಚೀಲದಿಂದ ಫ್ಲಾಸ್ಕ್ ತೆಗೆದು ಬಿಸಿಬಿಸಿ ಬಗ್ಗಿಸಿದರು. ಬಂದವರನ್ನು ಬರಿಬಾಯಲ್ಲಿ ಕಳಿಸುವ ಜನ ಅವರಲ್ಲ, ಕೊಟ್ಟದ್ದನ್ನು ಬೇಡವೆನ್ನುವವನು ನಾನಲ್ಲ. ಎರಡು ಗುಟುಕು ಇಳಿಸಿದೆ. ಕಹಿ ಗಂಟಲು ದಾಟಿದ ಮೇಲೆ, ಇಪ್ಪತ್ತೆರಡು ವರ್ಷ ಸರ್ವಿಸ್ ಆದ ಫಾರ್ಮಸಿಸ್ಟ್ ನಾನು ವಿಚಾರಿಸಿದೆ:

“ಇದೇನು ಮೇಡಂ?”

“ಕಷಾಯರೀ. ಅಮೃತಬಳ್ಳಿ ಪುಡಿ, ಅಶ್ವಗಂಧ. ಊರಿಂದ ನಮ್ಮ ನೆಗೆಣ್ಣಿ ಕಳಸ್ತಾಳ. ನಾಕ್ ತಿಂಗಳಾತು.”

ಕಣ್ಣು ಹಳದಿಯಾದ ಮೇಲೆ, ಕಾಮಾಲೆಗೆ ಒಳ್ಳೆಯದೆಂದು, ಒಂದು ಲೋಟವಿದ್ದದ್ದನ್ನು ಎರಡು ಮಾಡಿದ್ದರು. ಆಸ್ಪತ್ರೆಗೂ ಬೆಳಿಗ್ಗೆ ಸಂಜೆ ಬರುತ್ತಿತ್ತು. ಮೂರು ಸಲ ಕೇಳಿದೆನಲ್ಲ ಎಂದರೆ, “ಹರ್ಬಲ್ ಅಂದ್ರ ಅಂಗಡ್ಯಾಗ ಸಿಗೋ ಡಬ್ಬಿರೀ. ಇದು ಮನ್ಯಾಗ ಕುದಿಸಿದ್ದು” ಎಂದರು.

ಅಮೃತಬಳ್ಳಿಯಾಗಲಿ ಅಶ್ವಗಂಧವಾಗಲಿ ಕೆಲವರ ಲಿವರಿಗೆ ಆಗಿಬರುವುದಿಲ್ಲ. ಯಾರಿಗೆ ಎಂದು ಮೊದಲೇ ತಿಳಿಯುವುದೂ ಇಲ್ಲ. ಬಸವರಾಜರು ಅದೇ ಕಷಾಯ ಕುಡಿದು ಗುಂಡುಕಲ್ಲಿನ ಹಾಗಿದ್ದರು. ಅದನ್ನೇ ಹಿಡಿದು ಅವರು ವಾದಕ್ಕೆ ನಿಂತರು. “ಪ್ರೀತಿಲೇ ಕಳಸ್ಯಾಳ್ರೀ, ವಿಷ ಹೆಂಗ ಆದೀತು?” ಎಂದು ಸುನಂದಾ ಕಣ್ಣೊರೆಸಿಕೊಂಡರು. ಪ್ರೀತಿ ಫೋನಿನಲ್ಲಿ ಬರಲಿ, ಪುಡಿ ಮಾತ್ರ ಬೇಡ ಎಂದೆ. ಡಾಕ್ಟರರಿಗೆ ಕೂಡಲೇ ತಿಳಿಸಿ ಫ್ಲಾಸ್ಕನ್ನು ನಾನೇ ಎತ್ತಿಕೊಂಡು ಬಂದೆ.

ಸೋಮವಾರ ಐಎನ್‌ಆರ್ ಏರಲಿಲ್ಲ. ಬುಧವಾರ ಇಳಿಯಿತು. ಹ್ಯೂಸ್ಟನ್ ಪ್ರಯಾಣ ರದ್ದಾಯಿತು.

ಎಎಲ್‌ಟಿ ಮಾತ್ರ ಸಹಜಕ್ಕೆ ಬರಲು ಮೂರು ತಿಂಗಳು ಹಿಡಿಯಿತು. ಆ ಪುಡಿಗಳು ಇನ್ನೆಂದೂ ಬೇಡ, ಹೊಸ ಮಾತ್ರೆ ಏನಿದ್ದರೂ ಕೇಳಿಯೇ ನುಂಗಬೇಕು, ರಕ್ತಪರೀಕ್ಷೆ ತಪ್ಪಿಸಬಾರದು ಎಂದು ಸುನಂದಾಗೆ ಹೇಳಿದ್ದೆವು. ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಡಲ್ಲಾಸ್ ಬಳಿಯ ಮೆಕಿನ್ನಿಯಲ್ಲಿದ್ದ ಅಣ್ಣನಿಗೂ ಅದೇ ಪುಡಿಯ ಒಂದು ಡಬ್ಬಿ ಕೊಟ್ಟಿದ್ದರು. ಫೋನ್ ಮಾಡಿದರೆ ಹೂಂ ಅಂದು ಕುಡಿಯುತ್ತಲೇ ಇರುತ್ತಾನೆ ಎಂದು ಗಂಡನನ್ನೇ ಅಟ್ಟಿದರು. ಬಸವರಾಜರು ಅಲ್ಲಿಗೆ ಮೂರೂವರೆ ಗಂಟೆ ಡ್ರೈವ್ ಮಾಡಿ, ಡಬ್ಬಿ ವಸೂಲು ಮಾಡಿಕೊಂಡು ಬಂದರು.

ನಾನು? ಎರಡು ಗುಟುಕಿಗೆ ಲಿವರ್ ಟೆಸ್ಟ್ ಮಾಡಿಸಿಕೊಂಡೆ. ನಾರ್ಮಲ್. ಅಡುಗೆಮನೆಯಲ್ಲಿ ವರ್ಷದಿಂದ ಇದ್ದ, ಮಂಡಿನೋವಿನ ನನ್ನ ಅರಿಶಿನ-ಮೆಣಸಿನ ಕ್ಯಾಪ್ಸೂಲ್ ಬಾಟಲಿಯನ್ನು ಹೆಂಡತಿ ಮೇಜಿನ ಮೇಲೆ ತಂದಿಟ್ಟು, “ಇದು ಯಾರ ಲಿಸ್ಟಲ್ಲಿದೆ?” ಎಂದಳು. ಅದೂ ಲಿವರಿಗೆ ತೊಂದರೆ ಕೊಡಬಲ್ಲದ್ದೇ ಎಂದು ಓದಿ ತಿಳಿದವನ ಪಟ್ಟಿಯಲ್ಲಿಯೇ ಅದಿರಲಿಲ್ಲ.

ಅಂದಿನಿಂದ ‘ಏನು ಔಷಧಿ ತೆಗೆದುಕೊಳ್ಳುತ್ತೀರಿ’ ಎಂದು ಶುರುಮಾಡುವುದನ್ನು ಬಿಟ್ಟಿದ್ದೇನೆ. ಬೆಳಿಗ್ಗೆ ಎದ್ದಾಗಿನಿಂದ ಮಲಗುವ ತನಕ ಬಾಯಿಗೆ ಏನೇನು ಹೋಗುತ್ತದೆ, ಯಾರು ಕೊಟ್ಟದ್ದು ಎಂದು ಕೇಳುತ್ತೇನೆ. ಜನ ಔಷಧಿಯನ್ನು ಮರೆತರೂ ಕೊಟ್ಟವರನ್ನು ಮರೆಯುವುದಿಲ್ಲ.

ಮೂರು ತಿಂಗಳ ತಪಾಸಣೆಗೆ ಸುನಂದಾ ಹಳದಿ ಹೋಗಿ ಬೆಳ್ಳಗಾದ ಕಣ್ಣು ಅರಳಿಸಿಕೊಂಡು ಬಂದರು, ಕೈಯಲ್ಲಿ ಸ್ಟೀಲ್ ಡಬ್ಬಿ. ಈ ಸಲ ಬಾಯಿಗೆ ಹಾಕಿಕೊಳ್ಳುವ ಮೊದಲೇ ಇದರಲ್ಲಿ ಏನಿದೆ ಎಂದು ಕೇಳಿದೆ.

“ಶೇಂಗಾ ಹೋಳಿಗಿ. ಶೇಂಗಾ, ಬೆಲ್ಲ, ಯಾಲಕ್ಕಿ” ಎಂದರು. “ಬರಕೊಳ್ರಿ.”

ಬರೆದುಕೊಂಡೆ. ಆಮೇಲೆ ಎರಡು ತಿಂದೆ.