ಸುಜಾತೆಯ ಮೇಲೆ ಪಟಾಲಮ್ಮನ ಹೊಟ್ಟೆಕಿಚ್ಚು

ವೈಶಾಖ ಹುಣ್ಣಿಮೆಯ ಚಂದ್ರ ಇನ್ನೂ ಮುಳುಗಿಲ್ಲ. ಪುರವರದ ಬುದ್ಧ ವಿಹಾರದ ಹಿತ್ತಿಲಲ್ಲಿ ಪಟಾಲಮ್ಮ ಮೂರು ಕಲ್ಲಿನ ಒಲೆ ಹೂಡಿ ನವಣೆ ಹುರಿಯುತ್ತಿದ್ದಾರೆ. ಒಂಬತ್ತಕ್ಕೆಲ್ಲ ಎಂಬತ್ತು ಮಕ್ಕಳು ಬಂದುಬಿಡುತ್ತಾರೆ. ಅಷ್ಟರಲ್ಲಿ ಪಾಯಸ ಆಗಬೇಕು.

ಊರ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಕೈ ಇದು. ಹನ್ನೊಂದು ವರ್ಷದಿಂದ ದಿನಕ್ಕೆ ಹತ್ತು ಕೆ.ಜಿ. ಅಕ್ಕಿ. ಗಂಡ ತೀರಿಕೊಂಡ ಮೇಲೆ ಮಗಳನ್ನು ಓದಿಸಿದ್ದೂ ಇದೇ ಸೌಟು. ಮಕ್ಕಳಿಗೆ ಈಕೆ ಬರೀ 'ಅಡುಗೆ ಅಜ್ಜಿ'.

ಇಂಥ ಪಟಾಲಮ್ಮನಿಗೆ ಬುದ್ಧ ಪೂರ್ಣಿಮೆ ಬಂತೆಂದರೆ ಹೊಟ್ಟೆಕಿಚ್ಚು. ಯಾರ ಮೇಲೆ ಅಂತೀರಿ? ಸುಜಾತೆಯ ಮೇಲೆ! ಹಸಿದು ಸೊರಗಿದ್ದ ಸಿದ್ಧಾರ್ಥನಿಗೆ ಆಕೆ ಪಾಯಸ ಕೊಟ್ಟದ್ದನ್ನು, ಅದನ್ನುಂಡ ಮೇಲೆ ಅರಳಿ ಮರದಡಿ ಅವನಿಗೆ ಜ್ಞಾನೋದಯವಾದದ್ದನ್ನು ಟೀಚರ್ ಸಹನಾ ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತಾರೆ. ಆಮೇಲೆ ಹುಡುಗಿಯೊಬ್ಬಳು ಸೀರೆಯುಟ್ಟು ಸುಜಾತೆಯಾಗಿ ಮೊದಲ ಬಟ್ಟಲನ್ನು ಬುದ್ಧನ ಮುಂದಿಡುತ್ತಾಳೆ. ಚಪ್ಪಾಳೆಯೆಲ್ಲ ಅವಳಿಗೆ.

"ಆಯಮ್ಮ ಒಂದಿನ ಕೊಟ್ಲು, ಎಲ್ಡೂವರೆ ಸಾವ್ರ ವರ್ಸ ಹೆಸರಾಗೋಯ್ತು. ನಾನು ದಿನಾ ಬೇಯಿಸ್ತೀನಿ, ನನ್ನೆಸ್ರು ಒಂದು ಮಗೀಗೂ ಗೊತ್ತಿಲ್ಲ. ಉರಿಯಲ್ವಾ ಹೊಟ್ಟೆ?" ಎಂದು ಮುಚ್ಚುಮರೆಯಿಲ್ಲದೆ ಕೇಳುತ್ತಾರೆ.

ಹೋದ ವರ್ಷ ಮುನಿಸಿಕೊಂಡು ವೈ.ಎನ್.ಹೊಸಕೋಟೆಯ ತಂಗಿ ಮನೆಗೆ ಹೋಗಿಯೇಬಿಟ್ಟಿದ್ದರು. ಪಕ್ಕದ ಮನೆಯ ರಾಜಲಕ್ಷ್ಮಮ್ಮ ಸೌಟು ಹಿಡಿದು, ಕುದಿಯುವ ಹಾಲಿಗೇ ಬೆಲ್ಲ ಸುರಿದರು. ಹಾಲು ಒಡೆಯಿತು. ಸುದ್ದಿ ತಿಳಿದಾಗ ಪಟಾಲಮ್ಮನಿಗೆ ಮೊದಲು ಖುಷಿಯೇ ಆಯಿತಂತೆ. ಮಕ್ಕಳು ಬಾಳೆಹಣ್ಣು ತಿಂದು ಮನೆಗೆ ಹೋದರೆಂದು ಕೇಳಿದ ಮೇಲೆ ಎರಡು ದಿನ ಅನ್ನ ಸೇರಲಿಲ್ಲ.

ಈ ಸಲ ಸಹನಾ ಮನೆಗೇ ಬಂದು, ಬಟ್ಟಲನ್ನು ನೀವೇ ಇಡಬೇಕು ಎಂದಿದ್ದಾರೆ. ಪಟಾಲಮ್ಮ ಬಾಯಿಮಾತಿಗೂ ಬೇಡವೆನ್ನಲಿಲ್ಲ. ಬೆಲ್ಲದ ಪಾಕ ಆರಿಸಿ, ನವಣೆ ಬೆಂದ ಹಾಲಿಗೆ ಬೆರೆಸಿ, ಸೌಟನ್ನು ರಾಜಲಕ್ಷ್ಮಮ್ಮನ ಕೈಗಿಟ್ಟು, ಬಿಳಿ ಸೀರೆಯ ಸೆರಗು ಹೊದ್ದು ನಡೆಯುತ್ತಾರೆ. ಸಹನಾ ಪಟಾಲಮ್ಮನ ಹೆಸರನ್ನು ಕೂಗಿ ಹೇಳುತ್ತಾರೆ. ಚಪ್ಪಾಳೆ ಬೀಳುತ್ತದೆ.

ಬಟ್ಟಲಿಟ್ಟು, ಕೈ ಮುಗಿದು ತಿರುಗಿ ನೋಡಿದರೆ, ಒಂದು ಮಗುವೂ ಅಲ್ಲಿಲ್ಲ. ಎಲ್ಲವೂ ಒಲೆಯ ಹತ್ತಿರ ತಟ್ಟೆ ಹಿಡಿದು, ರಾಜಲಕ್ಷ್ಮಮ್ಮನನ್ನು ಮುತ್ತಿಕೊಂಡು, ನಂಗೆ ಅಜ್ಜೀ, ನಂಗೆ ಅಜ್ಜೀ ಎನ್ನುತ್ತಿವೆ.

ಪಟಾಲಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ದಡದಡನೆ ಬಂದು ಸೌಟು ಕಿತ್ತುಕೊಳ್ಳುತ್ತಾರೆ.

"ಬರೋ ವರ್ಸ ಬಟ್ಲು ಯಾರಾರ ಹಿಡ್ಕಳ್ಲಿ ಕಣಮ್ಮ," ಎನ್ನುತ್ತಾರೆ ಸಹನಾಗೆ. "ಸೌಟು ಮಾತ್ರ ನನ್ ಕೈಗೇ ಬುಟ್ಬುಡಿ."