ಎರಡೂವರೆ ಕಿಲೋ ಗಾಳಿ

ನನ್ನ ಗಂಡ ನೌಕಾಪಡೆಯಲ್ಲಿ ಡೈವರ್ ಆಗಿದ್ದರು. ನಿವೃತ್ತರಾಗಿ ಅಂಕಲಗಿಗೆ ಮರಳಿದ ಮೇಲೆ ಹೊಲ ನೋಡಿಕೊಂಡು ಇರುತ್ತಾರೆಂದು ಎಲ್ಲರೂ ಅಂದುಕೊಂಡಿದ್ದೆವು. ಆದರೆ ಕುಲಗೋಡದಲ್ಲಿ ಯಾರದೋ ಬಾವಿಗೆ ಬಿದ್ದ ಮೋಟಾರಿಗೆ ಇವರು ಮುಳುಗಿ ಹಗ್ಗ ಕಟ್ಟಿ ಬಂದದ್ದೇ ತಡ, ಸುದ್ದಿ ಹಬ್ಬಿತು. ಹಿಡಕಲ್ ಜಲಾಶಯದಲ್ಲಿ ಗೇಟಿನ ಕೆಲಸ ಹಿಡಿದಿದ್ದ ಗುತ್ತಿಗೆದಾರರೊಬ್ಬರು ಹುಡುಕಿಕೊಂಡು ಬಂದರು. ನೀರಿನಡಿ ಗೇಟಿನ ಸಂದಿಯಲ್ಲಿ ಏನು ಸಿಕ್ಕಿಕೊಂಡಿದೆ ಎಂದು ಕೈಯಿಂದ ತಡವಿ ನೋಡಿ ಹೇಳುವವರು ಅವರಿಗೆ ಬೇಕಾಗಿದ್ದರು. ಅದಕ್ಕೆ ಬೆನ್ನಿಗೆ ಕಟ್ಟುವ ಟ್ಯಾಂಕು ಬೇಕು. ಅದನ್ನು ಕೊಳ್ಳಲು ಇವರು ಗೋವಾಕ್ಕೆ ಹೊರಟಾಗ ನಾನೂ ಚೀಲ ಹಿಡಿದು ನಿಂತೆ.

"ಸೀರಿ ತರಾಕ ಹೊಂಟಿಲ್ಲ ನಾ," ಎಂದರು.

"ಗೊತ್ತೈತ್ರಿ. ಅದಕ ಬರಾಕತ್ತೇನಿ."

ನನ್ನ ತವರು ಸಂಕೇಶ್ವರ. ಅಪ್ಪನದು ಕಿರಾಣಿ ಅಂಗಡಿ. ಮುಚ್ಚಳ ತೆಗೆದು ಮೂಸದೆ ಅವರು ಒಂದು ಡಬ್ಬಿ ಶೇಂಗಾ ಎಣ್ಣೆಯನ್ನೂ ಇಳಿಸಿಕೊಂಡವರಲ್ಲ. ಒಳಗೇನಿದೆ ಎಂದು ನೋಡುವ ಚಟ ನನಗೆ ಅಲ್ಲಿಂದ ಬಂದದ್ದು.

ಸಮುದ್ರದ ಬದಿಯ ಒಂದು ತಗಡಿನ ಶೆಡ್ಡಿನಲ್ಲಿ ಹಳೆಯ ಟ್ಯಾಂಕುಗಳು ಸಾಲಾಗಿ ನಿಂತಿದ್ದವು. ಬಣ್ಣ ಹೊಳೆಯುವುದರ ಮುಂದೆ ನಾನು ನಿಂತೆ. ಇವರು ಬಣ್ಣದ ಕಡೆ ನೋಡಲೇ ಇಲ್ಲ. ಒಂದೊಂದರ ಕುತ್ತಿಗೆಯ ಹತ್ತಿರ ಬಾಗಿ, ಲೋಹದಲ್ಲಿ ಒತ್ತಿದ ಅಕ್ಷರಗಳನ್ನು ಬೆರಳಿನಿಂದ ಒರೆಸಿ ಓದಿದರು. ನೀರಿನ ಒತ್ತಡ ಹಾಕಿ ಅದನ್ನು ಕೊನೆಯ ಸಲ ಪರೀಕ್ಷೆ ಮಾಡಿದ್ದು ಯಾವಾಗ ಎಂದು ಅಲ್ಲಿ ಬರೆದಿರುತ್ತದಂತೆ. ಆಮೇಲೆ ಇದ್ದಬದ್ದ ಗಾಳಿಯನ್ನೆಲ್ಲ ಬಿಡಿಸಿ, ಮೇಲಿನ ವಾಲ್ವ್ ಬಿಚ್ಚಿಸಿ, ತಂತಿಗೆ ಕಟ್ಟಿದ ಸಣ್ಣ ಬಲ್ಬನ್ನು ಒಳಗೆ ಇಳಿಸಿದರು.

ನಾನೂ ಒಂದು ಕಣ್ಣು ಮುಚ್ಚಿ ಇಣುಕಿದೆ. ಹೊರಗೆ ಅಷ್ಟು ಚೆಂದ ಹೊಳೆಯುತ್ತಿದ್ದ ಆ ಉಕ್ಕಿನ ಟ್ಯಾಂಕಿನ ತಳದಲ್ಲಿ ಕಂದು ಬಣ್ಣದ ಕಲೆ ಹರಡಿತ್ತು. ಬೋರಲು ಹಾಕಿ ತಟ್ಟಿದಾಗ ರಾಗಿ ಹಿಟ್ಟಿನಂಥ ಪುಡಿ ಅಂಗೈಗೆ ಬಿತ್ತು.

"ಧೂಳದು," ಎಂದ ಮಾರುವವನು, ಮರಾಠಿಯಲ್ಲಿ.

ಇವರು ಅದನ್ನು ಬದಿಗಿಟ್ಟರು. ಹೊರಗೆ ಬಂದ ಮೇಲೆ ನಾನು ಕೇಳಿದೆ, "ತುಕ್ಕಿಂದ ಏನಾಕ್ಕೈತ್ರಿ?"

"ಗ್ವಾಡಿ ತೆಳ್ಳಗ ಆಕ್ಕೈತಿ. ಇನ್ನೊಂದೈತಿ. ಟ್ಯಾಂಕ್ ತುಂಬಿ ಭಾಳ ದಿನ ಇಟ್ರ, ಒಳಗಿನ ಆಮ್ಲಜನಕಾನ ತುಕ್ಕ ತಿಂದ್ಬಿಡತೈತಿ. ಗಾಳಿ ಇದ್ದಂಗ ಇರತೈತಿ, ಉಸಿರಿಗೆ ಬೇಕಾಗಿದ್ದ ಇರೂದಿಲ್ಲ."

ಆ ಮಾತು ಬಸ್ಸಿನುದ್ದಕ್ಕೂ ನನ್ನ ತಲೆಯಲ್ಲಿ ತಿರುಗುತ್ತಿತ್ತು. ಕಬ್ಬಿಣವೂ ಉಸಿರು ತೆಗೆದುಕೊಳ್ಳುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ನಾವು ತಂದದ್ದು ಎರಡು ಅಲ್ಯುಮಿನಿಯಂ ಟ್ಯಾಂಕು. ಬಣ್ಣ ಕಿತ್ತಿತ್ತು, ಒಳಗೆ ಮಾತ್ರ ತೊಳೆದ ಬೋಗುಣಿಯ ಹಾಗಿದ್ದವು.

ಗಾಳಿ ತುಂಬುವ ಯಂತ್ರವೊಂದನ್ನೂ ತರಿಸಿ ದನದ ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ಇಟ್ಟರು. ಹೊಲದ ತ್ರೀ ಫೇಸ್ ಕರೆಂಟು ಬಂದಾಗ ಮಾತ್ರ ಅದು ಓಡುತ್ತಿತ್ತು. ಇವರು ಹೊರಗೆ ಹೋದಾಗ ಕರೆಂಟು ಬಂದರೆ ಏನು ಮಾಡುವುದು? ಹಾಗಾಗಿ ತುಂಬುವುದನ್ನು ನಾನು ಕಲಿತೆ. ಅವಸರ ಮಾಡಬಾರದು. ಒತ್ತಡ ಏರಿದಂತೆ ಟ್ಯಾಂಕು ಬಿಸಿಯಾಗುತ್ತದೆ. ಕೈಯಿಟ್ಟು ನೋಡುತ್ತ ತಡೆದು ತಡೆದು ತುಂಬಬೇಕು. ತಣ್ಣಗಾದ ಮೇಲೆ ಒತ್ತಡ ತೋರಿಸುವ ಮುಳ್ಳು ಕೆಳಗಿಳಿದಿರುತ್ತದೆ, ಮತ್ತೆ ಸ್ವಲ್ಪ ಸೇರಿಸಬೇಕು.

ಅತ್ತೆ ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದರು. "ಇದರಾಗ ಏನ್ ತುಂಬಾಕತ್ತೀಯವ್ವಾ?"

"ಗಾಳಿ, ಅತ್ತಿ."

"ದವಾಖಾನ್ಯಾಗ ಇರತೈತಲ್ಲ, ಅದ?"

"ಅಲ್ರಿ. ಬರೇ ಗಾಳಿ. ಇಲ್ಲೆ ಅಂಗಳದಾಗಿಂದು."

"ಅಂಗಳದಾಗಿನ ಗಾಳಿ ತುಂಬಾಕ ಇಷ್ಟ ಕರೆಂಟ ಸುಡ್ತೀರಿ?" ಎಂದು ನಕ್ಕರು. ಅದರೊಳಗೆ ಏನೂ ಇಲ್ಲವೆಂದೇ ಅವರ ನಂಬಿಕೆ.

ನನಗೂ ಆಗ ಕುತೂಹಲ ಹುಟ್ಟಿತು. ಜೋಳದ ಚೀಲ ತೂಗುವ ಕಾಟಾ ಪಡಸಾಲೆಯಲ್ಲೇ ಇತ್ತು. ಖಾಲಿ ಟ್ಯಾಂಕನ್ನು ಅದರ ಮೇಲೆ ನಿಲ್ಲಿಸಿ ತೂಕ ನೋಡಿಕೊಂಡೆ. ತುಂಬಿ, ತಣ್ಣಗೆ ಮಾಡಿ, ಮತ್ತೆ ನಿಲ್ಲಿಸಿದೆ. ಎರಡೂವರೆ ಕಿಲೋಗಿಂತ ತುಸು ಹೆಚ್ಚಿಗೆ ಬಂತು. ಅತ್ತೆ ಕನ್ನಡಕ ತರಿಸಿಕೊಂಡು ನೋಡಿದರು. ಕಾಟಾ ಕೆಟ್ಟಿರಬೇಕೆಂದು ಅದರ ಮೇಲೆ ತಾವೇ ಹತ್ತಿ ನಿಂತು ಪರೀಕ್ಷಿಸಿದರು. ಸಂಜೆ ಹಾಲಿಗೆ ಬಂದವರಿಗೆಲ್ಲ ಅವರದೇ ಸುದ್ದಿ: "ಗಾಳಿ ತೂಗತೈತಿ, ಖರೆ. ನಾನ ನೋಡೇನಿ."

ಆ ವರ್ಷ ಕಬ್ಬು ಕಡಿಯುವ ಕಾಲ. ಜಲಾಶಯದ ಕೆಲಸಕ್ಕೆ ಮಾರನೆಯ ಬೆಳಿಗ್ಗೆ ಜೀಪು ಬರುವುದಿತ್ತು. ಮಧ್ಯಾಹ್ನ ಕರೆಂಟು ಬಂದಾಗ ಎರಡೂ ಟ್ಯಾಂಕು ತುಂಬಿದೆ. ತುಂಬಿದ ಮೇಲೆ ವಾಲ್ವನ್ನು ಒಂದಿಷ್ಟು ತಿರುಗಿಸಿ, ಬರುವ ಗಾಳಿಯನ್ನು ಮೂಸುವುದು ನನ್ನ ರೂಢಿ. ಯಾವ ವಾಸನೆಯೂ ಇರಬಾರದು. ಅಂದು ತೀರಾ ಸಣ್ಣಗೆ, ಹೊತ್ತಿದ ಹಾಲಿನಂಥ ವಾಸನೆ ಬಂತು.

ಹೊರಗೆ ಬಂದು ನೋಡಿದೆ. ಬಾಜೂ ಹೊಲದಲ್ಲಿ ಕಬ್ಬು ಕಡಿದ ಮೇಲೆ ಉಳಿದ ಒಣ ಎಲೆಯ ರವದಿಗೆ ಬೆಂಕಿ ಇಟ್ಟಿದ್ದರು. ಗಾಳಿ ತಿರುಗಿತ್ತು. ಹೊಗೆ ನಮ್ಮ ಶೆಡ್ಡಿನ ಮೇಲಿಂದಲೇ ಹಾಯುತ್ತಿತ್ತು.

ಇವರ ಮೂಗು ಅಷ್ಟು ಚುರುಕಲ್ಲ. ಮೂಸಿ ನೋಡಿ, "ಏನೂ ಇಲ್ಲಲ್ಲ," ಎಂದರು.

"ಹೊಗಿ ಐತ್ರಿ ಇದರಾಗ."

"ಫಿಲ್ಟರ್ ಐತಿ. ಮುಂಜಾನೆ ಜೀಪ್ ಬರತೈತಿ. ಈಗ ಖಾಲಿ ಮಾಡಿದ್ರ ನಾಳಿ ಮಧ್ಯಾಹ್ನದ ತನಕ ಕರೆಂಟಿಲ್ಲ."

"ಹೊಗಿಯಾಗಿನ ವಿಷ ಫಿಲ್ಟರಿಗೆ ಸಿಗೂದಿಲ್ಲಂತ ನನಗ ಕಲಿಸಿದವ್ರು ನೀವ. ಆ ವಿಷಕ್ಕ ವಾಸನಿನೂ ಇರೂದಿಲ್ಲಂತ. ಹೊಗಿದ ವಾಸನಿ ಇಷ್ಟ ಬಂದೈತೆಂದ್ರ ಅದೂ ಬಂದಿರಬೇಕಲ್ಲ?"

ಇವರು ಒಮ್ಮೆ ಮುಳ್ಳನ್ನು, ಒಮ್ಮೆ ಹೊರಗಿನ ಹೊಗೆಯನ್ನು ನೋಡಿದರು. ನನ್ನ ಮೂಗು ತಪ್ಪಿರಬಹುದೇ ಎಂದು ನನಗೇ ಅಳುಕು. ಕೊನೆಗೆ ಇವರೇ ಬಗ್ಗಿ ವಾಲ್ವ್ ತಿರುಗಿಸಿದರು. ಸುಂಯ್ ಎಂಬ ಸದ್ದು ಓಣಿಯ ತನಕ ಹೋಯಿತು. ಎಮ್ಮೆ ಗೂಟ ಕಿತ್ತುಕೊಳ್ಳಲು ಎಳೆದಾಡಿತು. ಅತ್ತೆ ಓಡಿ ಬಂದು ಹಗ್ಗ ಹಿಡಿದರು. ಗುತ್ತಿಗೆದಾರರಿಗೆ ಫೋನು ಮಾಡಿ ಇವರು ಹೇಳಿದ್ದು ಇಷ್ಟೇ: "ನಾಳಿ ಆಗೂದಿಲ್ರಿ. ನಾಡದ ಬರ್ತೇನಿ." ಆ ಕಡೆಯವರು ಸಿಟ್ಟಾದದ್ದು ನಮಗೆಲ್ಲ ಕೇಳಿಸಿತು.

ಮಾರನೆಯ ದಿನ ಫಿಲ್ಟರ್ ಬದಲಿಸಿದೆವು. ಯಂತ್ರ ಗಾಳಿ ಎಳೆದುಕೊಳ್ಳುವ ಪೈಪಿಗೆ ಇನ್ನೊಂದು ಪೈಪು ಜೋಡಿಸಿ, ಬೇವಿನ ಮರಕ್ಕೆ ಬಿದಿರು ಕಟ್ಟಿ ಎತ್ತರಕ್ಕೆ ಏರಿಸಿದೆವು. ಬಾಜೂ ಹೊಲದವರು ಬಂದು ಏನು ಎತ್ತ ಎಂದು ವಿಚಾರಿಸಿದರು. "ಇನ್ನ ಬೆಂಕಿ ಹಚ್ಚೂ ಮುಂಚೆ ಒಂದ್ ಮಾತ ಹೇಳ್ತೇವಿ ಬಿಡ್ರಿ ವೈನಿ," ಎಂದು ಹೋದರು. ಆ ಮಧ್ಯಾಹ್ನ ತುಂಬಿದ ಗಾಳಿಗೆ ಯಾವ ವಾಸನೆಯೂ ಇರಲಿಲ್ಲ.

ಇವರು ಗೇಟಿನ ಕೆಲಸ ಮುಗಿಸಿ ಬಂದ ಮೇಲೆ, ಒಂದು ಟ್ಯಾಂಕಿನಲ್ಲಿ ಇನ್ನೂ ಗಾಳಿ ಉಳಿದಿತ್ತು. "ಬಾ, ನೀ ತುಂಬಿದ್ದನ್ನ ನೀನೂ ಒಂದ್ ಸಲ ನೋಡ," ಎಂದು ನಮ್ಮ ಮೆಟ್ಟಿಲ ಬಾವಿಗೆ ಕರೆದುಕೊಂಡು ಹೋದರು. ಸೀರೆ ಬಿಟ್ಟು ಮಗಳ ಹಳೆಯ ಚೂಡಿದಾರ ತೊಟ್ಟಿದ್ದೆ. ಇವರು ಟ್ಯಾಂಕನ್ನು ನನ್ನ ಬೆನ್ನಿಗೆ ಕಟ್ಟಿ, ಕಣ್ಣಿಗೆ ನೀರಿನ ಕನ್ನಡಕ ಹಾಕಿ, ಉಸಿರಿನ ಕೊಳವೆಯನ್ನು ಬಾಯಿಗೆ ಕೊಟ್ಟರು. "ಉಸಿರ ಹಿಡೀಬ್ಯಾಡ. ಬಿಡಕೋತ, ತಗೋತ ಇರು," ಎಂದು ಎರಡು ಸಲ ಹೇಳಿ, ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡರು.

ತಲೆ ನೀರಿನೊಳಗೆ ಹೋಯಿತು. ಮೊದಲು ಕೇಳಿದ್ದು ನನ್ನದೇ ಉಸಿರಿನ ಸದ್ದು. ಗಾಳಿ ಒಣಗಿತ್ತು, ತಣ್ಣಗಿತ್ತು. ಹೆದರಿಕೆ ಎಷ್ಟು ಹೊತ್ತಿಗೆ ಹೋಯಿತೋ ತಿಳಿಯದು. ಬಿಸಿಲು ಹಸಿರಾಗಿ ಇಳಿದಿತ್ತು. ಕಲ್ಲಿನ ಸಂದಿಯಿಂದ ಯಾವುದೋ ಗಿಡದ ಬೇರು ಕೂದಲಿನಂತೆ ತೇಲುತ್ತಿತ್ತು. ಅದರ ನಡುವೆ ಉಗುರಿನಷ್ಟು ಮೀನುಗಳು ನನ್ನ ಕಡೆ ಮುಖ ಮಾಡಿ ನಿಂತಿದ್ದವು.

ಮೇಲೆ ಬಂದಾಗ ಅತ್ತೆ ಮೆಟ್ಟಿಲ ಮೇಲೆ ಸೆರಗು ಸಿಕ್ಕಿಸಿ ಕಾಯುತ್ತಿದ್ದರು.

"ಏನ್ ಕಾಣತೈತಿ ಕೆಳಗ?"

"ಮೀನ ಅದಾವ್ರಿ. ನಮ್ಮನ್ನ ನೋಡ್ತಾವು."

"ತಳ ಕಂಡ್ತೇನ?"

"ಇಲ್ರಿ. ಇನ್ನೂ ಕೆಳಗ ಐತಿ," ಎಂದು ನಾನು ಇವರ ಮುಖ ನೋಡಿದೆ. ಇವರು ಟ್ಯಾಂಕಿನ ಮುಳ್ಳು ನೋಡಿ, ಇನ್ನೊಂದು ಸಲಕ್ಕೆ ಸಾಕಾಗುತ್ತದೆ ಎಂದರು.